ಸಪ್ಪಳ ಬಂದ ಕಡೆ ನೋಡಿದವನು

2023ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕೆ ಹೋಗಿ 47 ವಿಡಿಯೊ ಮಾಡಿಕೊಂಡು ಬಂದೆ. ಅದರಲ್ಲಿ 41 ಬರೀ ಆಕಾಶ. ಮೂರರಲ್ಲಿ ಮುಂದೆ ನಿಂತಿದ್ದವರ ಟೋಪಿ. ಎರಡರಲ್ಲಿ ನನ್ನ ಹೆಬ್ಬೆರಳು. ಉಳಿದ ಒಂದರಲ್ಲಿರುವುದು ವಿಮಾನ ಅಂತ ನಾನು, ಹದ್ದು ಅಂತ ನನ್ನ ಹೆಂಡತಿ.

ಹದ್ದು ಹೇಗಾಗುತ್ತೆ? ಹದ್ದು ಬರಬಾರದು ಅಂತಲೇ ಅಲ್ವಾ ಏರ್‌ಫೋರ್ಸ್ ಸ್ಟೇಷನ್ ಸುತ್ತ 10 ಕಿಲೋಮೀಟರ್ ತನಕ ಮೂರು ವಾರ ಮಾಂಸದಂಗಡಿ ಮುಚ್ಚಿಸಿದ್ದು? ಎಸೆದ ಮಾಂಸದ ಚೂರಿಗೆ ಹದ್ದು ಬರುತ್ತೆ, ಹದ್ದು ವಿಮಾನಕ್ಕೆ ಬಡಿಯುತ್ತೆ. ಅದಕ್ಕೇ ಪ್ರತಿ ಶೋ ಬಂದಾಗಲೂ ಈ ಆದೇಶ. ನಮ್ಮ ಮನೆ ಸಂಜಯನಗರದಲ್ಲಿ. ಗೆರೆ ಎಳೆದು ಅಳೆದರೆ 11 ಕಿಲೋಮೀಟರ್ ಚಿಲ್ಲರೆ. ಅಂದರೆ ನಾವು ಬಚಾವ್. ಸಹಕಾರನಗರದ ಚಿಕ್ಕಪ್ಪನ ಮನೆಯವರು ಗೆರೆಯ ಒಳಗೆ. ಆ ಮೂರು ಭಾನುವಾರವೂ ಅವರು ನಮ್ಮನೆಗೆ ಬಂದರು. "ಸುಮ್ನೆ ನೋಡ್ಕೊಂಡ್ ಹೋಗೋಣ ಅಂತ ಬಂದ್ವಪ್ಪ" ಅಂದರು ಚಿಕ್ಕಪ್ಪ. ಕೈಯಲ್ಲಿ ಟಿಫಿನ್ ಕ್ಯಾರಿಯರ್ ಇತ್ತು.

ಶೋ ಇರುವುದು ಐದು ದಿನ. ಮೊದಲ ಮೂರು ದಿನ ವ್ಯಾಪಾರದವರಿಗೆ. ಕೊನೆಯ ಎರಡು ದಿನ ನಮ್ಮಂಥವರಿಗೆ. ಸಾವಿರ ರೂಪಾಯಿಯ ಪಾಸು ತೆಗೆದುಕೊಂಡೆ. ಇಷ್ಟಕ್ಕೆ ಒಳಗಿನ ಮಳಿಗೆಗಳನ್ನು ನೋಡುವಂತಿಲ್ಲ, ಬಯಲಲ್ಲಿ ನಿಂತು ಆಕಾಶ ನೋಡಬಹುದು. ಈ ವಿಷಯ ಬೀದರಿನಲ್ಲಿರುವ ಭಾಮೈದನಿಗೆ ಹೇಳಿದ್ದೇ ತಪ್ಪಾಯಿತು. ಅವನು ಫೋನಿನಲ್ಲೇ ನಕ್ಕ.

"ಭಾವಾ, ಸಾವಿರ ರೂಪಾಯಿ ಕೊಟ್ರಿ? ಅವು ನಮ್ಮ ಮನಿ ಮ್ಯಾಲ ಪುಕ್ಕಟ ಹಾರ್ತಾವ."

ಅವನು ಹೇಳಿದ್ದು ನಿಜ. ಆಕಾಶದಲ್ಲಿ ಕಸರತ್ತು ಮಾಡುವ ವಾಯುಪಡೆಯ ಸೂರ್ಯಕಿರಣ ತಂಡ ಹುಟ್ಟಿದ್ದು 1996ರಲ್ಲಿ, ಬೀದರಿನಲ್ಲಿ. ಏರೋ ಇಂಡಿಯಾ ಶುರುವಾಗಿದ್ದೂ ಅದೇ ವರ್ಷ. ಮೊದಲು ಅವರ ಹತ್ತಿರ ಇದ್ದದ್ದು ಕಿರಣ್ ವಿಮಾನ. 2011ರಲ್ಲಿ, ಹೊಸ ಪೈಲಟ್‌ಗಳ ತರಬೇತಿಗೆ ವಿಮಾನ ಸಾಲದು ಅಂತ ತಂಡವನ್ನೇ ನಿಲ್ಲಿಸಿದರು. 2015ರಲ್ಲಿ ಹಾಕ್ ವಿಮಾನಗಳೊಂದಿಗೆ ಮತ್ತೆ ಬಂದರು. ಆ ಹಾಕ್‌ಗಳು ತಯಾರಾಗಿದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಬೆಂಗಳೂರಲ್ಲಿ ಹುಟ್ಟಿ, ಬೀದರಿನವರ ಮಾತು ಕೇಳಿಕೊಂಡು ಬಾಳುವುದು ನನ್ನೊಬ್ಬನ ಹಣೆಬರಹ ಅಂದುಕೊಂಡಿದ್ದೆ.

ಕಾರು ಬೇಡ ಅಂದಳು ಹೆಂಡತಿ. 2019ರ ಶೋನಲ್ಲಿ ಪಾರ್ಕಿಂಗ್‌ಗೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟುಹೋಗಿದ್ದು ಅವಳಿಗೆ ನೆನಪಿದೆ. ನಮ್ಮ ಕಾರಿನ ಲೋನು ಇನ್ನೂ ಇದೆ ಅನ್ನುವುದೂ ನೆನಪಿದೆ. ಸರಿ, ಬಸ್ಸು. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಿತು. ನಿಂತೇ ಇತ್ತು. ಸೂರ್ಯಕಿರಣದವರು ರೆಕ್ಕೆಗೂ ರೆಕ್ಕೆಗೂ ಐದು ಮೀಟರ್ ಅಂತರ ಇಟ್ಟುಕೊಂಡು ಹಾರುತ್ತಾರೆ ಅಂತ ಕೇಳಿ ಜನ ಬಾಯಿ ಮೇಲೆ ಕೈ ಇಡುತ್ತಾರೆ. ಬಳ್ಳಾರಿ ರಸ್ತೆಯಲ್ಲಿ ಐದು ಮೀಟರ್ ಜಾಗ ಬಿಟ್ಟು ನೋಡಿ. ಎರಡು ಆಟೊ, ಮೂರು ಬೈಕು, ಒಂದು ಎಳನೀರು ಗಾಡಿ ನುಗ್ಗಿರುತ್ತವೆ.

ಅಂತೂ ತಲುಪಿದೆವು. ಬಯಲು, ಬಿಸಿಲು, ಜನ. ಟೋಪಿ ಮನೆಯಲ್ಲೇ ಉಳಿದಿತ್ತು. ಪಕ್ಕದಲ್ಲಿ ಎಂಟು ವರ್ಷದ ಒಬ್ಬ ಹುಡುಗ, ಅಪ್ಪನ ಹೆಗಲ ಮೇಲೆ.

ಮೊದಲ ಫೈಟರ್ ಬಂತು. ಎದೆ ನಡುಗುವಂಥ ಸದ್ದು. ನಾನು ಸದ್ದು ಬಂದ ಕಡೆ ಫೋನ್ ಎತ್ತಿದೆ. ಏನೂ ಇಲ್ಲ.

"ಅಂಕಲ್, ಅದು ಹೋಯ್ತು" ಅಂದ ಹುಡುಗ.

ಮತ್ತೆ ಸದ್ದು. ಮತ್ತೆ ಫೋನ್. "ಅಂಕಲ್, ಇದೂ ಹೋಯ್ತು."

ಲೆಕ್ಕ ಆಮೇಲೆ ಹೊಳೆಯಿತು. ವಿಮಾನ ಎರಡು ಕಿಲೋಮೀಟರ್ ದೂರದಲ್ಲಿದ್ದರೆ ಅದರ ಸದ್ದು ನಮ್ಮ ಕಿವಿಗೆ ಬೀಳಲು ಸುಮಾರು 6 ಸೆಕೆಂಡ್ ಬೇಕು. ಗಂಟೆಗೆ 700 ಕಿಲೋಮೀಟರ್ ವೇಗದ ಜೆಟ್ ಅಷ್ಟರಲ್ಲಿ ಒಂದು ಕಿಲೋಮೀಟರ್‌ಗಿಂತ ಜಾಸ್ತಿ ಮುಂದೆ ಹೋಗಿರುತ್ತೆ. ಹೈಸ್ಕೂಲಿನಲ್ಲಿ ಇದನ್ನು ಕಲಿತಿದ್ದೆ, ಐದು ಮಾರ್ಕ್ಸೂ ಬಂದಿತ್ತು. ಅಲ್ಲಿ ನಿಂತಾಗ ಉಪಯೋಗಕ್ಕೆ ಬರಲಿಲ್ಲ ಅಷ್ಟೆ.

ಸಾರಂಗ್ ತಂಡ ಬಂದಾಗ ಜೀವ ಬಂತು. ಮೈಮೇಲೆ ನವಿಲು ಬಿಡಿಸಿಕೊಂಡ ಧ್ರುವ್ ಹೆಲಿಕಾಪ್ಟರ್‌ಗಳು. ಪಾಪ, ನನ್ನಂಥವನ ಕಣ್ಣಿಗೂ ಸಿಗುವಷ್ಟು ನಿಧಾನ. ಎರಡು ಎದುರೆದುರು ನುಗ್ಗಿ ಬಂದು, ಇನ್ನೇನು ಡಿಕ್ಕಿ ಅನ್ನುವಾಗ ಓರೆಯಾಗಿ ಸರಿದವು. ನಾನು ಕಣ್ಣು ಮಿಟುಕಿಸಲಿಲ್ಲ. ಫೋನ್ ಎತ್ತಿದೆ. ಮೆಮೊರಿ ಫುಲ್ ಅಂದಿತು. 41 ಆಕಾಶಗಳನ್ನು ತುಂಬಿಸಿಕೊಂಡರೆ ಇನ್ನೇನಾಗುತ್ತೆ?

ಒಂಬತ್ತು ಹಾಕ್‌ಗಳ ಸರದಿ ಬಂದಾಗ ನಾನು ಟಾಯ್ಲೆಟ್ ಕ್ಯೂನಲ್ಲಿದ್ದೆ. ಇಡೀ ಬಯಲು ಒಂದೇ ಸಲ "ಓಓಓ" ಅಂದಿತು. ಹೊರಗೆ ಓಡಿ ಬಂದರೆ, ಎರಡು ವಿಮಾನ ಸೇರಿ ಹೊಗೆಯಲ್ಲಿ ಹಾರ್ಟ್ ಬಿಡಿಸಿ ಆಗಿತ್ತು. ಗಾಳಿಗೆ ಅರ್ಧ ಕರಗಿ ಅದು ಗೋಡಂಬಿ ಆಗಿತ್ತು. ಹೆಂಡತಿ ನನ್ನ ಮುಖ ನೋಡಿ, "ಚಂದ ಇತ್ತು ರೀ" ಅಂದಳು. ಅದು ಸಮಾಧಾನವೋ ಚುಚ್ಚೋ ಇವತ್ತಿಗೂ ಗೊತ್ತಾಗಿಲ್ಲ.

2025ರಲ್ಲಿ ನಾನು ಹೋಗಲಿಲ್ಲ. ಆ ಸಲ ಸಾರಂಗ್ ಕೂಡ ಇರಲಿಲ್ಲ, ಅಪಘಾತವೊಂದರ ನಂತರ ಧ್ರುವ್‌ಗಳ ಹಾರಾಟ ನಿಲ್ಲಿಸಿದ್ದರು. ಮಾಂಸದಂಗಡಿಯ ಗೆರೆ ಮಾತ್ರ 13 ಕಿಲೋಮೀಟರ್‌ಗೆ ಬೆಳೆದಿತ್ತು. ಸಂಜಯನಗರ ಒಳಗೆ ಬಿತ್ತು. ನಾಲ್ಕು ಭಾನುವಾರ. ಟಿಫಿನ್ ಕ್ಯಾರಿಯರ್ ಹಿಡಿದು ಚಿಕ್ಕಪ್ಪನ ಮನೆಗೆ ಹೋಗೋಣವೆಂದರೆ ಅವರೂ ಒಳಗೇ.

ಮುಂದಿನ ರಜೆಗೆ ಬೀದರಿಗೆ ಹೋದೆವು. ಬೆಳಗ್ಗೆ ಮಾಳಿಗೆ ಮೇಲೆ ಅತ್ತೆ ಮೆಣಸಿನಕಾಯಿ ಹರವುತ್ತಿದ್ದರು. ನಾನು ಚಹಾ ಕುಡಿಯುತ್ತಿದ್ದೆ. ಫೋನ್ ಕೆಳಗೆ ಚಾರ್ಜಿಗೆ ಹಾಕಿತ್ತು. ಇದ್ದಕ್ಕಿದ್ದಂತೆ ಗುಡುಗು. ನಾನು ಗಬಕ್ಕನೆ ತಿರುಗಿದೆ. ಖಾಲಿ ಆಕಾಶ.

"ಭಾವಾ, ಸಪ್ಪಳ ಬಂದ ಕಡಿ ನೋಡಬ್ಯಾಡ್ರಿ" ಅಂದ ಭಾಮೈದ, ಪೇಪರಿನಿಂದ ತಲೆ ಎತ್ತದೆ. "ಸಪ್ಪಳಕ್ಕಿಂತ ಮುಂದ ನೋಡ್ರಿ."

ಮುಂದೆ ನೋಡಿದೆ. ಕೆಂಪು ಬಿಳಿ ಬಣ್ಣದ ಒಂಬತ್ತೂ ಇದ್ದವು. ಬಾಣದ ಹಾಗೆ ಸಾಲು ಕಟ್ಟಿಕೊಂಡು ಎಡಕ್ಕೆ ವಾಲಿದವು.

"ಅತ್ತೆ, ನೋಡಿ, ನೋಡಿ!" ಅಂತ ಕೂಗಿದೆ.

ಅತ್ತೆ ಮೇಲೆ ನೋಡಲಿಲ್ಲ. "ಕಾಲ್ ತಗೀರಿ, ಮೆಣಸಿನಕಾಯಿ ತುಳಿದ್ರಿ" ಅಂದರು.