ಆರು ಮಂದಿ ಸರಸ್ವತೀ ಭಂಡಾರಿಗರು

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರದ ನಾಗಾವಿಗೆ ನಮ್ಮ ಕಡೆಯವರು ಎಲ್ಲಮ್ಮನ ದರ್ಶನಕ್ಕೆ ಹೋಗುತ್ತೇವೆ. ಕಾಯಿ ಒಡೆಸಿ, ಪ್ರಸಾದ ತಿಂದು ವಾಪಸ್ ಬಂದುಬಿಡುತ್ತೇವೆ. ಅಲ್ಲೇ ಇರುವ ಅರವತ್ತು ಕಂಬದ ಗುಡಿ ಕಡೆ ತಿರುಗಿ ನೋಡುವವರು ಕಡಿಮೆ. ಹೋದ ವಾರ ಮಧ್ಯಾಹ್ನವೆಲ್ಲ ನಾನು ಅಲ್ಲೇ ಕೂತಿದ್ದೆ. ಹೊರಗೆ ಕಾಲಿಡಲಾಗದ ಬಿಸಿಲು. ಒಳಗೆ ಕಂಬಕ್ಕೆ ಬೆನ್ನು ಕೊಟ್ಟರೆ ತಂಪು.

ನಾಗಾವಿಯಲ್ಲಿ ಒಂದು ಕಾಲಕ್ಕೆ ಘಟಿಕಾಸ್ಥಾನ ಇತ್ತು. ಈಗಿನ ಮಾತಲ್ಲಿ ಹೇಳಿದರೆ ದೊಡ್ಡ ಕಾಲೇಜು. ಕಲ್ಯಾಣದ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲದ್ದು. ಅವನ ದಂಡನಾಯಕ ಮಧುಸೂದನ ಇದಕ್ಕೆ ಭೂಮಿ ಬಿಟ್ಟುಕೊಟ್ಟ. 1058ರ ಶಾಸನದಲ್ಲಿ ಲೆಕ್ಕವೇ ಇದೆ. ವೇದ ಓದುವವರು 200, ಶಾಸ್ತ್ರ ಓದುವವರು 50. ವೇದಕ್ಕೆ 3 ಉಪಾಧ್ಯಾಯರು, ಶಾಸ್ತ್ರಕ್ಕೆ 3. ಆಮೇಲೆ 6 ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕ ಕಾಯುವವರು.

ಪಾಠ ಹೇಳುವವರು ಎಷ್ಟೋ, ಪುಸ್ತಕ ಕಾಯುವವರೂ ಅಷ್ಟೇ! ಯಾಕೆ ಅಂತ ಯೋಚಿಸಿದರೆ ಗೊತ್ತಾಗುತ್ತದೆ. ಓಲೆಗರಿಗೆ ಹುಳ ಬೀಳುತ್ತದೆ, ಒಣಗಿ ಮುರಿಯುತ್ತದೆ. ಎಣ್ಣೆ ಸವರಬೇಕು, ಹಳತಾದದ್ದನ್ನು ಹೊಸ ಗರಿಗೆ ಇಳಿಸಬೇಕು. ಹಾಗೆ ಮಾಡದಿದ್ದರೆ ಉಪಾಧ್ಯಾಯರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಆ ಕಾಲದಲ್ಲಿ ವೇದಪಾಠ ಎಲ್ಲ ಜಾತಿಯವರಿಗೂ ಸಿಗುತ್ತಿರಲಿಲ್ಲ, ಅದನ್ನು ಮರೆಯಬಾರದು. ಈಗ ಸಂಸ್ಕೃತ, ಪಾಲಿ, ಹಳಗನ್ನಡ ಯಾರು ಬೇಕಾದರೂ ಓದಬಹುದು. ಓದುವ ಸಾಮಗ್ರಿ ನಮ್ಮ ಜಿಲ್ಲೆಯ ಕಲ್ಲಿನಲ್ಲೇ ಇದೆ. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಅಶೋಕನ ಚಿತ್ರದ ಜೊತೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಅಂತ ಕೆತ್ತಿದ್ದಾರೆ. ಅದನ್ನು ನಮ್ಮೂರಿನ ಹುಡುಗಿಯೊಬ್ಬಳು ನಿಂತು ಓದಿ ಹೇಳಿದರೆ ಎಷ್ಟು ಚೆಂದ ಅಲ್ವಾ?

ಆದರೆ ಪುಸ್ತಕ ಎಲ್ಲಿವೆ? ಶಾಸನ ಸಂಪುಟ, ಅಂದರೆ ಶಾಸನಗಳನ್ನು ಅಚ್ಚು ಹಾಕಿಸಿದ ಪುಸ್ತಕ, ಹುಡುಕಿ ನಾನು ಒಂದು ಕಾಲೇಜಿನ ಲೈಬ್ರರಿಗೆ ಮೂರು ಸಲ ಹೋದೆ. "ಚಾವಿ ಸಾಹೇಬ್ರ ಹತ್ರ ಅದರೀ, ನಾಳಿ ಬರ್ರಿ" ಅಂದರು. ಲೈಬ್ರರಿಯನ್ ಹುದ್ದೆ ಖಾಲಿ. ಮೂರನೇ ಸಲ ಬಾಗಿಲು ತೆರೆಯಿತು, ಸಂಪುಟವೂ ಸಿಕ್ಕಿತು. ನನಗೆ ಬೇಕಿದ್ದ ಪುಟಗಳನ್ನು ಗೆದ್ದಲು ತಿಂದಿತ್ತು. ಕೈಗೆ ಬರೀ ಮಣ್ಣು ಬಂತು.

ಹಳೆಯ ಭಾಷೆ ಕಲಿಸುವ ವಿಭಾಗ ಬೇಕು ಅಂತ ಕೇಳುವವರು ಮೊದಲು ಈ ಹುದ್ದೆ ತುಂಬಿಸಿ ಅಂತ ಕೇಳಬೇಕು. ಅಲ್ಲಿಯವರೆಗೆ ನನ್ನದೊಂದು ವಿನಂತಿ. ಚಿತ್ತಾಪುರ, ಸೇಡಂ, ಶಹಾಬಾದ್ ಕಡೆ ಯಾರ ಮನೆಯಲ್ಲಾದರೂ ಹಳೇ ಶಾಸನ ಸಂಪುಟ ಇದ್ದರೆ ತಿಳಿಸಿ. ನಾನೇ ಬಂದು ಪುಟಪುಟ ಫೋಟೋ ತೆಗೆದುಕೊಳ್ಳುತ್ತೇನೆ.