ಟ್ಯಾಗ್ ಮಾಡಿದ್ದೇವೆ, ಇನ್ನೇನು ಬೇಕು?

"ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂದು ಸಾಮಾಜಿಕ ಜಾಲತಾಣದಲ್ಲಿ ಪೋಸ್ಟ್ ಹಾಕಿ, ಕೆಳಗೆ ಕಾಮೆಂಟ್ ಬಂದ್ ಮಾಡಿದ ಇಲಾಖೆಯನ್ನು ಎಲ್ಲರೂ ಬೈಯುತ್ತಿದ್ದಾರೆ. ನನಗಂತೂ ತಪ್ಪು ಕಾಣಲಿಲ್ಲ. ಅಮೂಲ್ಯ ವಸ್ತುವನ್ನು ಯಾರಾದರೂ ಬೀದಿಯಲ್ಲಿ ಬಿಡುತ್ತಾರಾ? ಬೀಗ ಹಾಕಿಯೇ ಇಡಬೇಕು.

ನಮ್ಮ ಬೀದಿದೀಪ ಕೆಟ್ಟಾಗ ನಾನು ಮೊದಲು ಅರ್ಜಿ ಕೊಟ್ಟಿದ್ದೆ. ಸೀಲು ಬಿತ್ತು, ನಂಬರು ಸಿಕ್ಕಿತು, ಕತ್ತಲೆ ಹಾಗೇ ಇತ್ತು. ಕೊನೆಗೆ ಫೋಟೊ ತೆಗೆದು ಜಾಲತಾಣಕ್ಕೆ ಹಾಕಿದೆ. ಹತ್ತೇ ನಿಮಿಷದಲ್ಲಿ ಇಲಾಖೆಯ ಉತ್ತರ! "ಸಂಬಂಧಪಟ್ಟವರಿಗೆ ಟ್ಯಾಗ್ ಮಾಡಲಾಗಿದೆ." ಸಂಬಂಧಪಟ್ಟವರು ಇನ್ನೊಬ್ಬರನ್ನು ಟ್ಯಾಗ್ ಮಾಡಿದರು. ಅವರು ಕೈಮುಗಿಯುವ ಇಮೋಜಿ ಹಾಕಿದರು. ಮೊದಲು ಕಡತ ಮೇಜಿನಿಂದ ಮೇಜಿಗೆ ನಮಗೆ ಕಾಣದ ಹಾಗೆ ಓಡಾಡುತ್ತಿತ್ತು. ಈಗ ಕಣ್ಣೆದುರೇ ಓಡಾಡುತ್ತದೆ. ಪಾರದರ್ಶಕ ಆಡಳಿತ ಅಂದರೆ ಇದೇ ಅಲ್ವಾ?

ಆ ಇಮೋಜಿಯ ಬಗ್ಗೆ ಒಂದು ಮಾತು. ಅದು ಜಪಾನಿನ ಮೊಬೈಲುಗಳಿಂದ ಬಂದದ್ದು. ಅಲ್ಲಿ ಅದು 'ದಯವಿಟ್ಟು' ಎಂದೂ ಆಗುತ್ತದೆ, 'ಧನ್ಯವಾದ' ಎಂದೂ ಆಗುತ್ತದೆ. ನಮಗೆ ನಮಸ್ಕಾರ. ಕಚೇರಿಯವರು ಹಾಕಿದರೆ 'ಸಾಕು ಮಾರಾಯ, ಹೊರಡು'. ಇಷ್ಟು ಅರ್ಥ ಹೊತ್ತು ಇಷ್ಟು ಕಡಿಮೆ ಕೆಲಸ ಮಾಡುವ ಸರ್ಕಾರಿ ಪದ ಇನ್ನೊಂದಿಲ್ಲ.

ಇಲಾಖೆಗೆ ಜಾಲತಾಣ ಅಂದರೆ ಡಂಗುರ. ಬಡಿದರೆ ಎಲ್ಲರಿಗೂ ಕೇಳಿಸಿತು ಎಂದೇ ಲೆಕ್ಕ. ಕೇಳುವವರು ಅದನ್ನು ಏನೆಂದುಕೊಂಡಿದ್ದಾರೆ? ಒಬ್ಬರಿಗೆ ನೆಂಟರ ಫೋಟೊ ನೋಡುವ ಜಾಗ. ಇನ್ನೊಬ್ಬರಿಗೆ ಸುಳ್ಳಿನ ಸಂತೆ. ಅವರು ಅಲ್ಲಿ ಬಂದ ಪ್ರವಾಹದ ಎಚ್ಚರಿಕೆಯನ್ನೂ ಸುಳ್ಳೆಂದೇ ಪಕ್ಕಕ್ಕೆ ತಳ್ಳುತ್ತಾರೆ. ಮತ್ತೊಬ್ಬರಿಗೆ ಭಯ: ದೂರು ಹಾಕಿದರೆ ಹೆಸರು ಊರಿಗೆಲ್ಲ ಕಾಣುತ್ತದಲ್ಲ!

ಇನ್ನು ಡಂಗುರವಾದರೂ ಸ್ವಂತದ್ದೇ? 2021ರ ಫೆಬ್ರುವರಿಯಲ್ಲಿ ಸುದ್ದಿ ಸಂಸ್ಥೆಗಳಿಗೆ ದುಡ್ಡು ಕೊಡಬೇಕೆಂದು ಆಸ್ಟ್ರೇಲಿಯಾ ತರಲು ಹೊರಟ ಕಾನೂನಿನ ಮೇಲೆ ಮುನಿಸಿಕೊಂಡ ಫೇಸ್‌ಬುಕ್ ಅಲ್ಲಿ ಸುದ್ದಿಗೆ ತಡೆ ಹಾಕಿತು. ಅದರ ಜೊತೆಗೆ ಹವಾಮಾನ ಇಲಾಖೆಯ ಪುಟ, ಆರೋಗ್ಯ ಇಲಾಖೆಗಳ ಪುಟಗಳೂ ಖಾಲಿಯಾದವು. ಕೊರೊನಾ ಲಸಿಕೆ ಶುರುವಾಗುವ ವಾರ ಅದು. ತಪ್ಪಾಗಿ ಹೋಯಿತು ಎಂದು ಆಮೇಲೆ ವಾಪಸ್ ಕೊಟ್ಟರು. ಬಾಡಿಗೆ ಮನೆಯ ಗೋಡೆಗೆ ಸರ್ಕಾರ ನೋಟಿಸ್ ಅಂಟಿಸಿದರೆ ಇಷ್ಟೇ.

ಪುಟ ಸರ್ಕಾರದ್ದೋ ಸ್ವಂತದ್ದೋ ಎಂಬ ಗೊಂದಲವೂ ಇದೆ. ಅಮೆರಿಕದ ಪೋರ್ಟ್ ಹ್ಯೂರನ್ ನಗರದ ಆಡಳಿತಾಧಿಕಾರಿಯೊಬ್ಬರು ಒಂದೇ ಫೇಸ್‌ಬುಕ್ ಪುಟದಲ್ಲಿ ಮಗಳ ಫೋಟೊ, ಕಚೇರಿ ಸುದ್ದಿ ಎರಡನ್ನೂ ಹಾಕುತ್ತಿದ್ದರು. ಟೀಕಿಸಿದವನನ್ನು ಬ್ಲಾಕ್ ಮಾಡಿದರು. ಅದು ಸರ್ಕಾರದ ಕೆಲಸವೋ ಮನೆಯ ಕೆಲಸವೋ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರಲ್ಲಿ ಕೋರ್ಟು ಅಳತೆಗೋಲು ಕೊಟ್ಟು, ಕೆಳಗಿನ ಕೋರ್ಟಿಗೇ ವಾಪಸ್ ಕಳಿಸಿತು. ಅಲ್ಲೂ ಟ್ಯಾಗೇ, ನೋಡಿ.

ನಗು ಸಾಕು. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿಗೆ ಯಾವ ಖಾತೆಯೂ ಇಲ್ಲ. ಆಕೆ ಕಚೇರಿಗೆ ನಾಲ್ಕು ಸಲ ನಡೆದು ಹೋಗಿದ್ದಾರೆ. ನಾಲ್ಕು ಸಲವೂ "ಆನ್‌ಲೈನ್‌ನಲ್ಲಿ ಹಾಕಿ ಅಜ್ಜಿ" ಎಂದು ವಾಪಸ್ ಕಳಿಸಿದ್ದಾರೆ. ಎದುರಿಗೆ ನಿಂತ ಮನುಷ್ಯರು ಕಾಣದಷ್ಟು ಆ ಪರದೆಯಲ್ಲಿ ಏನಿದೆ ಸ್ವಾಮಿ?

ನಿನ್ನೆ ನನ್ನ ಪೋಸ್ಟಿಗೆ ಉತ್ತರ ಬಂತು. "ದೂರು ಪರಿಹರಿಸಲಾಗಿದೆ." ಜೊತೆಗೆ ದೀಪದ ಕಂಬದ ಫೋಟೊ. ಮಟಮಟ ಮಧ್ಯಾಹ್ನ ತೆಗೆದದ್ದು. ಬೆಳಕು ಚೆನ್ನಾಗಿತ್ತು.