ಮೂರು ವಾರಕ್ಕೇ ಹೊರಗೆ ಬಿಡಬೇಡಿ

ಬಾತುಮರಿಗಳನ್ನು ಮೂರು ವಾರಕ್ಕೇ ಹಿತ್ತಲಿಗೆ ಬಿಡಬಹುದು ಅಂತ ಬರೆದಿದ್ದೀರಿ. ಏಪ್ರಿಲ್ ಮಧ್ಯಾಹ್ನಕ್ಕಾದರೆ ಸರಿ ಸಾರ್, ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಖಂಡಿತ ಆಗಲ್ಲ. ಹೋದ ಚಳಿಗಾಲ ಯಲಹಂಕದ ನಮ್ಮ ಮನೆಯಲ್ಲಿ ಆರು ಮರಿ ಸಾಕಿದೆವು. ಮೊದಲ ವಾರ ರಟ್ಟಿನ ಡಬ್ಬದಲ್ಲಿ, ಬಲ್ಬಿನ ಕೆಳಗೆ 32 ಡಿಗ್ರಿ. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಿದೆವು. ಬಲ್ಬಿನಡಿ ಒತ್ತಿಕೊಂಡು ಕೂತರೆ ಚಳಿ, ಮೂಲೆಗೆ ಸರಿದು ಬಾಯಿ ತೆರೆದರೆ ಸೆಕೆ. ಥರ್ಮಾಮೀಟರಿಗಿಂತ ಮರಿಗಳೇ ಚೆನ್ನಾಗಿ ಹೇಳ್ತವೆ.

ನೀರಿನ ವಿಷಯ ನೀವು ಎತ್ತಲೇ ಇಲ್ಲ. ಬಾತು ಅಂದಮೇಲೆ ಈಜಲ್ವಾ ಅಂತ ಟಬ್ಬಿಗೆ ಬಿಟ್ಟು ನಾವು ಒಂದು ಮರಿ ಕಳೆದುಕೊಂಡೆವು. ತಾಯಿಯಿಲ್ಲದೆ ಬೆಳೆಯುವ ಮರಿಯ ತುಪ್ಪಳ ಬೇಗ ತೊಯ್ದು ಹೋಗುತ್ತೆ, ನಡುಕ ಹತ್ತಿದರೆ ಮುಗೀತು. ಕುಡಿಯುವ ನೀರು ಮಾತ್ರ ಮೂಗಿನ ಹೊಳ್ಳೆ ಮುಳುಗುವಷ್ಟು ಆಳ ಇರಲೇಬೇಕು.

ಏಳೆಂಟು ವಾರಕ್ಕೆ ಗರಿ ಪೂರ್ತಿ ಬಂದಮೇಲೆಯೇ ರಾತ್ರಿ ಹೊರಗೆ ಇಟ್ಟೆವು, ಅದೂ ಸಣ್ಣ ಕಣ್ಣಿನ ಗಟ್ಟಿ ಜಾಲರಿ ಹಾಕಿದ ಗೂಡಿನಲ್ಲಿ. ಹಗಲು ಹದ್ದು, ರಾತ್ರಿ ಬೆಕ್ಕು, ಹೆಗ್ಗಣ. ಈಗ ಉಳಿದಿರೋ ಒಂದೇ ತಕರಾರು ಪಕ್ಕದ ಮನೆ ಅಜ್ಜಿಯದು: ಬೆಳಗ್ಗೆ ಐದಕ್ಕೇ ಗಲಾಟೆ ಶುರುವಂತೆ!